ತೆಳು ತಗಡಿಗೆ ತಕ್ಕ ಫಿಲ್ಲರ್ ರಾಡ್: ಎಲ್ಲಿ ಸಿಗುತ್ತದೆ, ನೆಟ್ಟಗೆ ಮಾಡುವುದು ಹೇಗೆ, ಹಾಕುವುದು ಹೇಗೆ

ಕಾರಿನ ಬಾಗಿಲ ಕೆಳಗೆ ತುಕ್ಕು ತಿಂದ ಭಾಗವನ್ನು ಕತ್ತರಿಸಿ 20 ಗೇಜ್ ತಗಡಿನ ತೇಪೆ ಹಾಕಬೇಕು. ಆರ್ಗಾನ್ ಮೆಷಿನ್ (ಟಿಗ್ ವೆಲ್ಡಿಂಗ್ ಮೆಷಿನ್) ಇದೆ, ಕೈಯೂ ತಕ್ಕಮಟ್ಟಿಗೆ ಪಳಗಿದೆ. ಆದರೂ ಎರಡು ಇಂಚು ಮುಗಿಯುವಷ್ಟರಲ್ಲಿ ಮೂರು ತೂತು. ಹೀಗಾದಾಗ ಹೆಚ್ಚಿನವರು ಆಂಪ್ ನಾಬ್ ತಿರುಗಿಸಲು ಹೋಗುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ನಾಬಿನಲ್ಲಲ್ಲ, ಎಡಗೈಯಲ್ಲಿ ಹಿಡಿದು ಬೆಸುಗೆಗೆ ಕರಗಿಸಿ ಸೇರಿಸುವ 1.6 ಮಿ.ಮೀ ಫಿಲ್ಲರ್ ರಾಡಿನಲ್ಲಿ.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 20 ಗೇಜ್ ಎಂದರೆ ಸುಮಾರು 0.9 ಮಿ.ಮೀ ದಪ್ಪ. ಅದರ ಮೇಲೆ 3 ಮಿ.ಮೀ ಅಗಲದ ಕರಗಿದ ಹೊಂಡ ಎಬ್ಬಿಸಿದರೆ, ಅದರಲ್ಲಿರುವ ಲೋಹ ಹೆಚ್ಚೆಂದರೆ 6 ಘನ ಮಿ.ಮೀ. ಅದಕ್ಕೆ 1.6 ಮಿ.ಮೀ ರಾಡನ್ನು ಬರೀ 2 ಮಿ.ಮೀ ಅದ್ದಿದರೂ 4 ಘನ ಮಿ.ಮೀ ತಣ್ಣನೆ ಕಬ್ಬಿಣ ಒಳಗೆ ಬಿತ್ತು. ಅಂದರೆ ಹೊಂಡದ ಮೂರರಲ್ಲಿ ಎರಡು ಪಾಲಿನಷ್ಟು. ಹೊಂಡ ಅಲ್ಲೇ ಗಟ್ಟಿಯಾಗಿ ರಾಡಿನ ತುದಿ ಅಂಟಿಕೊಳ್ಳುತ್ತದೆ. ರಾಡ್ ಕರಗಲಿ ಎಂದು ಆಂಪ್ ಏರಿಸುತ್ತೀರಿ, ಅಥವಾ ಟಾರ್ಚನ್ನು (ಆರ್ಕ್ ಹೊರಡುವ ಹಿಡಿಯನ್ನು) ಅರೆಕ್ಷಣ ಹೆಚ್ಚಿಗೆ ನಿಲ್ಲಿಸುತ್ತೀರಿ. ರಾಡ್ ಕರಗುತ್ತದೆ. ಅದನ್ನು ಹಿಂದಕ್ಕೆ ತೆಗೆದ ಮರುಗಳಿಗೆ, ರಾಡಿಗೆಂದು ಏರಿಸಿದ ಶಾಖವೆಲ್ಲ ತಗಡಿನ ಮೇಲೆ ಬೀಳುತ್ತದೆ. ತೂತು ಬೀಳುವುದು ಆಗ. ಅದೇ 2 ಮಿ.ಮೀಯನ್ನು 0.8 ಮಿ.ಮೀ ತಂತಿಯಲ್ಲಿ ಅದ್ದಿದರೆ ಒಳಗೆ ಹೋಗುವುದು ಒಂದೇ ಘನ ಮಿ.ಮೀ. ಹೊಂಡಕ್ಕೆ ಅದು ಗೊತ್ತೂ ಆಗುವುದಿಲ್ಲ. ವ್ಯಾಸ ಅರ್ಧವಾದರೆ ಲೋಹ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ನೆನಪಿಡಿ. ಕಣ್ಣಿಗೆ ಕಾಣುವ ವ್ಯತ್ಯಾಸಕ್ಕಿಂತ ಕೈಗೆ ಸಿಗುವ ವ್ಯತ್ಯಾಸ ಬಹಳ ದೊಡ್ಡದು.

ಆದ್ದರಿಂದ ಕಬ್ಬಿಣಕ್ಕೂ ಸ್ಟೇನ್‌ಲೆಸ್ ಸ್ಟೀಲಿಗೂ ಒಂದೇ ಅಳತೆ: ರಾಡಿನ ವ್ಯಾಸ ತಗಡಿನ ದಪ್ಪವನ್ನು ಮೀರಬಾರದು. 18 ಗೇಜಿಗೆ (1.2 ಮಿ.ಮೀ) 1.0 ಅಥವಾ 1.2, 20 ಗೇಜಿಗೆ 0.8, 22 ಗೇಜಿಗೆ (0.7 ಮಿ.ಮೀ) 0.6. ಗೇಜ್ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದೇ ಸಂಖ್ಯೆಗೆ ಬೇರೆ ಬೇರೆ ಪಟ್ಟಿಗಳಲ್ಲಿ ಬೇರೆ ದಪ್ಪ ಇರುತ್ತದೆ, ಬಣ್ಣದ ಪದರ ಬೇರೆ ಸೇರಿರುತ್ತದೆ. ಬಣ್ಣ ಕೆರೆದು ವರ್ನಿಯರ್ ಹಾಕಿ ಅಳೆಯುವುದೇ ಸರಿ.

ಅಂಗಡಿಯಲ್ಲಿ ಕೇಳಬೇಕಾದ ಹೆಸರು

ಬೆಂಗಳೂರಿನ ಪೀಣ್ಯವಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಾಗಲಿ, ಬೆಳಗಾವಿಯ ಉದ್ಯಮಬಾಗ್ ಆಗಲಿ, ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ 'ಟಿಗ್ ರಾಡ್ ಕೊಡಿ' ಎಂದರೆ ಸಾಮಾನ್ಯವಾಗಿ ಎದುರಿಗೆ ಬರುವುದು ಒಂದು ಮೀಟರ್ ಉದ್ದದ 1.6, 2.0, 2.4 ಮಿ.ಮೀ ರಾಡುಗಳು. ಅದಕ್ಕಿಂತ ತೆಳುವಾದದ್ದು ಕೇಳಿದರೆ 'ಬರಲ್ಲ ಸಾರ್' ಎಂಬ ಉತ್ತರ. ಐಟಿಐಗಳಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿಸುವಾಗ ಕೊಡುವ ತಾಮ್ರ ಲೇಪದ ಸಿಸಿಎಂಎಸ್ ರಾಡ್ ಕೂಡ 1.6ರಿಂದಲೇ ಶುರು. ಅಮೆರಿಕದಲ್ಲಿರುವವರಿಗೆ ಇಷ್ಟು ಕಷ್ಟವಿಲ್ಲ. ಅಲ್ಲಿ 0.035 ಮತ್ತು 0.045 ಇಂಚಿನ, ಅಂದರೆ ಸುಮಾರು 0.9 ಮತ್ತು 1.1 ಮಿ.ಮೀಯ ನೇರ ರಾಡುಗಳೇ ಪ್ಯಾಕೆಟ್ಟಿನಲ್ಲಿ ಸಿಗುತ್ತವೆ.

ಇಲ್ಲಿ ಬೇಕಾದ ವಸ್ತು ಅದೇ ಅಂಗಡಿಯ ಇನ್ನೊಂದು ಕಪಾಟಿನಲ್ಲಿರುತ್ತದೆ, ಬೇರೆ ಹೆಸರಿನಲ್ಲಿ. 'ಸಿಒಟು ವೈರ್' ಕೇಳಿ. ತಂತಿಯನ್ನು ತಾನೇ ಮುಂದಕ್ಕೆ ತಳ್ಳುವ ಮಿಗ್ ವೆಲ್ಡಿಂಗ್ ಮೆಷಿನ್ನಿಗೆ ಹಾಕುವ ಸುರುಳಿ ಅದು. 0.8 ಎಲ್ಲೆಡೆ ಸಿಗುತ್ತದೆ, 1.0 ಮತ್ತು 1.2 ಕೂಡ. 0.6 ಸ್ವಲ್ಪ ಹುಡುಕಬೇಕು. ಲೇಬಲ್ ಮೇಲೆ ಇಆರ್70ಎಸ್-6 ಎಂದು ಬರೆದಿರುತ್ತದೆ. ಟಿಗ್ ರಾಡಿನ ಪ್ಯಾಕೆಟ್ ಮೇಲೂ ಅದೇ ಇರುತ್ತದೆ. ಇದು ಆಕಸ್ಮಿಕವಲ್ಲ. ಆ ಹೆಸರಿನ 'ಇ' ಎಂದರೆ ಎಲೆಕ್ಟ್ರೋಡ್, 'ಆರ್' ಎಂದರೆ ರಾಡ್: ಸುರುಳಿಯಾಗಿ ಮಿಗ್‌ಗೂ ಬಳಸಬಹುದು, ತುಂಡಾಗಿ ಟಿಗ್‌ಗೂ ಬಳಸಬಹುದು ಎಂದು ಅರ್ಥ. ರಾಸಾಯನಿಕ ಮಿತಿಗಳು ಎರಡಕ್ಕೂ ಒಂದೇ. ಹಾಗಾಗಿ ತಂತಿಯನ್ನು ಕತ್ತರಿಸಿ ಬಳಸುವುದು ಅಡ್ಡದಾರಿಯಲ್ಲ.

ಒಂದು ಎಚ್ಚರ. ಹೆಸರು ಸಿಒಟು ವೈರ್ ಆದರೂ ತರುವುದು ವೈರ್ ಮಾತ್ರ. ಟಿಗ್ ಟಾರ್ಚಿಗೆ ಗ್ಯಾಸ್ ಶುದ್ಧ ಆರ್ಗಾನೇ ಬೇಕು. ಸಿಒಟು ಅಥವಾ ಮಿಕ್ಸ್ ಸಿಲಿಂಡರ್ ಜೋಡಿಸಿದರೆ ಟಾರ್ಚಿನೊಳಗೆ ಆರ್ಕ್ ಹೊರಡಿಸುವ ಟಂಗ್‌ಸ್ಟನ್ ಕಡ್ಡಿಯ ತುದಿ ನೋಡನೋಡುತ್ತಿದ್ದಂತೆ ಸುಟ್ಟುಹೋಗುತ್ತದೆ.

ಸುರುಳಿಗಳು 1, 5 ಮತ್ತು 15 ಕೆಜಿಯಲ್ಲಿ ಬರುತ್ತವೆ. 0.8ರ ತಂತಿ ಒಂದು ಮೀಟರಿಗೆ ನಾಲ್ಕು ಗ್ರಾಂ ತೂಗುತ್ತದೆ, ಒಂದು ಕಿಲೋ ಎಂದರೆ 250 ಮೀಟರ್. 0.6 ಆದರೆ ಕಿಲೋಗೆ 450 ಮೀಟರ್, 1.0 ಆದರೆ 160. ಹೋಲಿಕೆಗೆ, 1.6ರ ರಾಡ್ ಕಿಲೋಗೆ 63 ಮೀಟರ್ ಅಷ್ಟೇ. ತೇಪೆ ಕೆಲಸದಲ್ಲಿ ಒಂದು ಮೀಟರ್ ಬೆಸುಗೆಗೆ 0.8ರ ತಂತಿ ಒಂದು, ಹೆಚ್ಚೆಂದರೆ ಒಂದೂವರೆ ಮೀಟರ್ ಹೋಗಬಹುದು. ಒಂದು ಕಿಲೋ ಸುರುಳಿ ಹವ್ಯಾಸಿಗೆ ವರ್ಷಗಟ್ಟಲೆ ಸಾಕು. ಇನ್ನೂ ಅಗ್ಗದ ದಾರಿ ಬೇಕೆಂದರೆ, ಪಕ್ಕದ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಮಿಗ್ ಮೆಷಿನ್ ಇದ್ದರೆ ಹತ್ತು ಮೀಟರ್ ಕೇಳಿ ತನ್ನಿ. ನಲವತ್ತು ಗ್ರಾಂ ತಂತಿಗೆ ಯಾರೂ ದುಡ್ಡು ಕೇಳುವುದಿಲ್ಲ. ಅದರಲ್ಲಿ ಇನ್ನೊಂದು ಲಾಭವೂ ಇದೆ: 15 ಕೆಜಿಯ ದೊಡ್ಡ ಸುರುಳಿಯಿಂದ ಬಂದ ತಂತಿಯ ಬಾಗು ಕಡಿಮೆ, ಅರ್ಧ ಮೀಟರಿನ ತುಂಡನ್ನು ಕೈಯಲ್ಲೇ ತಿದ್ದಿ ಹಾಗೆಯೇ ಬಳಸಬಹುದು. ಒಂದು ಕೆಜಿಯ ಪುಟ್ಟ ಸುರುಳಿಯ ತಂತಿ ಬಳೆಯಷ್ಟು ಬಿಗಿಯಾಗಿ ಸುತ್ತಿಕೊಂಡಿರುತ್ತದೆ.

ಕೊಳ್ಳುವಾಗ ಬೀಳುವ ದೊಡ್ಡ ಗುಂಡಿ ಎಂದರೆ ಫ್ಲಕ್ಸ್ ಕೋರ್ ವೈರ್, ಅಂದರೆ ಒಳಗೆ ಫ್ಲಕ್ಸ್ ಪುಡಿ ತುಂಬಿದ ತಂತಿ. 'ಗ್ಯಾಸ್ ಬೇಡದ ಮಿಗ್' ಎಂದು ಮಾರುವ ಚಿಕ್ಕ ಮೆಷಿನ್ನುಗಳ ಜೊತೆ ಬರುವುದು ಅದೇ, ಅದೂ 0.8 ಅಥವಾ 1.0, ಅದೂ ಒಂದು ಕೆಜಿಯ ಸುರುಳಿ. ಲೇಬಲ್ಲಿನಲ್ಲಿ ಇ71ಟಿ ಎಂದು ಶುರುವಾದರೆ ಕೆಳಗಿಡಿ. ಲೇಬಲ್ ಹರಿದಿದ್ದರೆ ತಂತಿಯನ್ನೇ ನೋಡಿ: ತಾಮ್ರದ ಬಣ್ಣವಿಲ್ಲದೆ ಬೂದುಬಣ್ಣ ಇರುತ್ತದೆ, ಕತ್ತರಿಸಿದ ತುದಿಯನ್ನು ಇಕ್ಕಳದಲ್ಲಿ ಒತ್ತಿದರೆ ಕೊಳವೆಯಂತೆ ಚಪ್ಪಟೆಯಾಗಿ ಒಳಗಿಂದ ಪುಡಿ ಉದುರುತ್ತದೆ. ಟಿಗ್‌ನಲ್ಲಿ ಅದನ್ನು ಅದ್ದಿದರೆ ಹೊಂಡದ ತುಂಬ ಕಿಟ್ಟ, ಟಂಗ್‌ಸ್ಟನ್ನಿಗೂ ಮಸಿ.

ಸ್ಟೇನ್‌ಲೆಸ್ ಸ್ಟೀಲಿಗೆ ಅದರದೇ ಸುರುಳಿ ಬೇಕು. 304 ತಗಡಿಗೆ 308ಎಲ್, 316ಕ್ಕೆ 316ಎಲ್, ಸ್ಟೀಲನ್ನು ಸಾದಾ ಕಬ್ಬಿಣಕ್ಕೆ ಕೂಡಿಸುವುದಾದರೆ 309ಎಲ್. ಮಿಗ್ ಸುರುಳಿಗಳಲ್ಲಿ ಹೆಸರಿನ ಕೊನೆಗೆ 'ಎಸ್‌ಐ' ಅಂಟಿಕೊಂಡಿರುವುದು ಹೆಚ್ಚು. ಅದರಲ್ಲಿ ಸಿಲಿಕಾನ್ ಸ್ವಲ್ಪ ಜಾಸ್ತಿ, ಹೊಂಡ ಇನ್ನಷ್ಟು ನೀರಾಗಿ ಹರಡುತ್ತದೆ. ತೆಳು ತಗಡಿಗೆ ಇದರಿಂದ ತೊಂದರೆಯಿಲ್ಲ, ಅಂಚು ನುಣುಪಾಗಿ ಕೂಡುತ್ತದೆ. ತಾಮ್ರ ಲೇಪದ ಕಬ್ಬಿಣದ ತಂತಿಯನ್ನು ಸ್ಟೀಲಿಗೆ ಹಾಕಬೇಡಿ. ಬೆಸುಗೆ ಇಂದು ಹೊಳೆಯುತ್ತದೆ, ಮಳೆಗಾಲ ಕಳೆಯುವುದರೊಳಗೆ ಅಷ್ಟುದ್ದಕ್ಕೂ ತುಕ್ಕಿನ ಗೆರೆ ಮೂಡುತ್ತದೆ.

ಅರ್ಧ ಮಿ.ಮೀಗಿಂತ ತೆಳುವಾದ ಸ್ಟೀಲ್ ಕೆಲಸಕ್ಕೆ ಇನ್ನೊಂದು ಮೂಲವಿದೆ. ಡೈ ಮತ್ತು ಮೌಲ್ಡ್ ರಿಪೇರಿಯವರು ಲೇಸರ್ ವೆಲ್ಡಿಂಗಿಗೆ 0.2ರಿಂದ 0.6 ಮಿ.ಮೀಯ ನೇರ ತಂತಿಗಳನ್ನು ಕೊಳವೆಯಲ್ಲಿ ತುಂಬಿಸಿ ತರಿಸುತ್ತಾರೆ. ಬೆಲೆ ಜಾಸ್ತಿ. ಅವುಗಳಲ್ಲಿ ಹಲವು ಟೂಲ್ ಸ್ಟೀಲಿನವು, ಅವು ನಮಗೆ ಬೇಡ. 308ಎಲ್ ಅಥವಾ 316ಎಲ್ ಎಂದು ಹೆಸರಿಟ್ಟೇ ಕೇಳಬೇಕು.

ಸುರುಳಿಯನ್ನು ರಾಡ್ ಮಾಡುವುದು

ಮಿಗ್ ತಂತಿ ಕಟ್ಟಡದ ಕಟ್ಟುತಂತಿಯಂತೆ ಮೆತ್ತಗಿಲ್ಲ. ಅಚ್ಚಿನ ತೂತುಗಳಲ್ಲಿ ಎಳೆದೆಳೆದು ಗಟ್ಟಿಮಾಡಿದ್ದು, ಸ್ಪ್ರಿಂಗಿನಂತೆ ಪುಟಿಯುತ್ತದೆ. ಕೈಯಲ್ಲಿ ಜಗ್ಗಿ ನೆಟ್ಟಗೆ ಮಾಡುತ್ತೇನೆಂದರೆ ಆಗದು. ಜಗ್ಗುತ್ತಲೇ ತಿರುಚಬೇಕು. ಆಗ ತಂತಿಯ ಒಳಗಿನ ಹಳೆಯ ಬಾಗು ಅಳಿದು ನೇರ ನಿಲ್ಲುತ್ತದೆ. ಬೇಕಾದದ್ದು ಬೆಂಚ್ ವೈಸ್, ವೇಗ ತಗ್ಗಿಸಬಲ್ಲ ಹಿಂದೆಮುಂದೆ ತಿರುಗುವ ಡ್ರಿಲ್, ಕಟಿಂಗ್ ಪ್ಲೇಯರ್, ಕನ್ನಡಕ, ಕೈಗವಸು. ಕನ್ನಡಕ ಇಲ್ಲದೆ ಶುರು ಮಾಡಬೇಡಿ. ಬಿಗಿದ ತಂತಿ ತುಂಡಾದರೆ ಚಾವಟಿಯಂತೆ ಬೀಸಿ ಬರುತ್ತದೆ.

ಮೊದಲು ಸುರುಳಿಯಿಂದ ಬಿಚ್ಚುವ ಕೆಲಸ. ತಂತಿಯ ತುದಿ ಸುರುಳಿಯ ಅಂಚಿನ ತೂತಿಗೆ ಸಿಕ್ಕಿಸಿರುತ್ತದೆ. ಅದನ್ನು ಬಿಟ್ಟರೆ ಇಡೀ ಸುರುಳಿ ಬುಸ್ಸೆಂದು ಬಿಚ್ಚಿಕೊಂಡು ಸಿಕ್ಕಾಗುತ್ತದೆ, ಮತ್ತೆ ಸುತ್ತಲು ಅರ್ಧ ದಿನ ಬೇಕು. ಸುರುಳಿಯ ಮೇಲೆ ಒಂದು ಹೆಬ್ಬೆರಳು ಸದಾ ಒತ್ತಿಕೊಂಡೇ ಇರಲಿ. ಎರಡು ಮೀಟರಿನಷ್ಟು ಎಳೆದು, ಕತ್ತರಿಸುವ ಮುನ್ನ ಸುರುಳಿ ಕಡೆಯ ತಂತಿಯನ್ನು ಗಟ್ಟಿಯಾಗಿ ಹಿಡಿದು, ಕತ್ತರಿಸಿದ ತಕ್ಷಣ ಅದರ ತುದಿಯನ್ನು ತೂತಿಗೆ ಹಾಕಿ ಮಡಚಿ.

ಕತ್ತರಿಸಿದ ತುಂಡಿನ ಒಂದು ತುದಿಯನ್ನು ಎರಡು ಇಂಚು ಮಡಚಿ ವೈಸಿನ ಬಾಯಲ್ಲಿ ಬಿಗಿಯಿರಿ. ಮಡಚದೆ ಹಾಗೇ ಬಿಗಿದರೆ ಜಾರಿ ಬರುತ್ತದೆ. ಇನ್ನೊಂದು ತುದಿ ಡ್ರಿಲ್ಲಿಗೆ. ಇಲ್ಲೊಂದು ಕಿರಿಕಿರಿ: 13 ಮಿ.ಮೀ ಚಕ್ಕುಗಳಲ್ಲಿ ಹಲವಕ್ಕೆ 0.8ರ ತಂತಿ ಹಿಡಿಯುವಷ್ಟು ಬಾಯಿ ಮುಚ್ಚುವುದೇ ಇಲ್ಲ. ಒಂದು ಕೊಕ್ಕೆ ಸ್ಕ್ರೂ ಅಥವಾ ಬಗ್ಗಿಸಿದ ದಪ್ಪ ಮೊಳೆಯನ್ನು ಚಕ್ಕಿಗೆ ಹಾಕಿ, ತಂತಿಯ ತುದಿಯನ್ನು ಆ ಕೊಕ್ಕೆಗೆ ಕುಣಿಕೆ ಮಾಡಿ ನಾಲ್ಕೈದು ಸುತ್ತು ಹೆಣೆದುಬಿಡಿ. ಕೊಕ್ಕೆ ಹಿಡಿತ ಚಕ್ಕಿನ ಹಿಡಿತಕ್ಕಿಂತ ಗಟ್ಟಿ, ತಂತಿಯ ಮೇಲೆ ಗಾಯವೂ ಆಗದು.

ಈಗ ಹಿಂದಕ್ಕೆ ಸರಿದು, ಮೈಭಾರವನ್ನು ಸ್ವಲ್ಪ ಹಿಂದೆ ಹಾಕಿ ತಂತಿ ಬಿಗಿಯಾಗುವಂತೆ ನಿಲ್ಲಿ. ಡ್ರಿಲ್ ಅತಿ ನಿಧಾನದ ವೇಗದಲ್ಲಿರಲಿ. ತಂತಿಯ ನಡುವೆ ಒಂದು ಚೂರು ಟೇಪ್ ಬಾವುಟದಂತೆ ಅಂಟಿಸಿದರೆ ತಂತಿ ಒಂದೇ ಸಮ ತಿರುಗುತ್ತಿದೆಯೇ ಎಂದು ಕಾಣುತ್ತದೆ. ಬಾವುಟ ಡ್ರಿಲ್ಲಿನ ಅರ್ಧದಷ್ಟು ಸುತ್ತಬೇಕು. ಮೊದಲ ಐದಾರು ಸುತ್ತು ಬರೀ ಸ್ಪ್ರಿಂಗ್. ಅಲ್ಲಿಗೇ ನಿಲ್ಲಿಸಿದರೆ ಅಷ್ಟೂ ವಾಪಸ್ ಬಿಚ್ಚಿಕೊಂಡು ತಂತಿ ಮತ್ತೆ ಡೊಂಕು. ಎರಡು ಮೀಟರಿನ 0.8 ತಂತಿಗೆ 30ರಿಂದ 40 ಸುತ್ತು ಹಾಕಿ. ಇನ್ನಷ್ಟು ಹಾಕಿದರೆ ತುಂಡಾಗುತ್ತದೆಂಬ ಭಯ ಬೇಡ, ಆದರೆ ತಾಮ್ರದ ಲೇಪ ಚಕ್ಕೆಯೇಳಲು ಶುರುವಾಗುತ್ತದೆ. ಸುತ್ತು ಮುಗಿದ ಮೇಲೆ ಡ್ರಿಲ್ಲನ್ನು ಹಿಮ್ಮುಖವಾಗಿ ಐದಾರು ಸುತ್ತು ನಿಧಾನಕ್ಕೆ ತಿರುಗಿಸಿ, ಬಿಗಿ ಸಡಿಲವಾಯಿತೆನಿಸಿದಾಗಲೇ ತುದಿ ಕತ್ತರಿಸಿ. ಹಾಗೆ ಮಾಡದೆ ಕತ್ತರಿಸಿದರೆ ಒಳಗೆ ಉಳಿದ ತಿರುಚು ಒಮ್ಮೆಲೇ ಬಿಚ್ಚಿ ತಂತಿ ಕೈಮೇಲೆ ಗೀರು ಎಳೆಯುತ್ತದೆ.

ಎರಡೂ ತುದಿಯ ಡೊಂಕು ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಅರ್ಧ ಮೀಟರಿನಂತೆ ತುಂಡು ಮಾಡಿ. ಒಂದು ಮೀಟರ್ ಉದ್ದ ಇಟ್ಟುಕೊಂಡರೆ 0.8ರ ತಂತಿ ಬಳುಕಿ ಎಲ್ಲೆಲ್ಲೋ ತಾಗುತ್ತದೆ. ಬಟ್ಟೆಗೆ ಅಸಿಟೋನ್ ಹಾಕಿ ಪ್ರತಿ ತುಂಡನ್ನೂ ಒರೆಸಿ. ಎಳೆಯುವಾಗ ಹಚ್ಚಿದ ಜಿಡ್ಡು ಕಪ್ಪಗೆ ಬಟ್ಟೆಗೆ ಹತ್ತುತ್ತದೆ. ಕಪ್ಪು ನಿಲ್ಲುವವರೆಗೆ ಒರೆಸಿ. ಮಿಗ್‌ನಲ್ಲಿ ಈ ಜಿಡ್ಡು ಲೆಕ್ಕಕ್ಕೆ ಬರುವುದಿಲ್ಲ, ಟಿಗ್‌ನಲ್ಲಿ ಗುಳ್ಳೆಯಾಗಿ ಮೇಲೇಳುತ್ತದೆ. ಅಸಿಟೋನ್ ಬದಲು ಬ್ರೇಕ್ ಕ್ಲೀನರ್ ಸ್ಪ್ರೇ ಮಾತ್ರ ಬೇಡವೇ ಬೇಡ: ಅದರಲ್ಲಿ ಕ್ಲೋರಿನ್ ಇರುವ ದ್ರಾವಕ ಇದ್ದರೆ ಆರ್ಕಿನ ಬೆಳಕು ಮತ್ತು ಶಾಖಕ್ಕೆ ಪ್ರಾಣ ತೆಗೆಯುವ ಫಾಸ್ಜೀನ್ ಅನಿಲ ಹುಟ್ಟುತ್ತದೆ.

0.8 ತೀರಾ ಬಳುಕುತ್ತದೆ, ಜೋಡಣೆಯಲ್ಲಿ ಅಲ್ಲಲ್ಲಿ ಸಂದೂ ಇದೆ ಎನ್ನುವ ಕೆಲಸಕ್ಕೆ ಎರಡು ತಂತಿ ಜೊತೆಗಿಟ್ಟು ಇದೇ ಡ್ರಿಲ್ಲಿನಲ್ಲಿ ಹುರಿ ಹೊಸೆಯಿರಿ. ಎರಡು 0.8 ಸೇರಿದರೆ ಲೋಹದ ಲೆಕ್ಕದಲ್ಲಿ 1.1 ಮಿ.ಮೀ ರಾಡಿಗೆ ಸಮ, ಎರಡು 0.6 ಸೇರಿದರೆ 0.85ಕ್ಕೆ ಸಮ. ಹುರಿಯ ಏಣುಗಳು ಕೈಗವಸಿಗೆ ಸಿಗುವುದರಿಂದ ಬೆರಳಿನಲ್ಲಿ ಮುಂದಕ್ಕೆ ತಳ್ಳುವುದೂ ಸಲೀಸು. ಜಿಡ್ಡು ಒರೆಸುವುದು ಮಾತ್ರ ಹೊಸೆಯುವ ಮುಂಚೆ ಆಗಬೇಕು. ಸಂದಿಗೆ ಸೇರಿಕೊಂಡ ಮೇಲೆ ಅದು ಹೊರಬರುವುದಿಲ್ಲ.

ದಪ್ಪ ರಾಡನ್ನೇ ತೆಳು ಮಾಡಬಹುದೇ ಎಂದು ಕೇಳುವವರಿದ್ದಾರೆ. ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದರೆ ಆಕಾರ ಬದಲಾಗುತ್ತದೆ, ಪ್ರತಿ ಮಿಲಿಮೀಟರಿಗೆ ಹೋಗುವ ಲೋಹ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಅಕ್ಕಸಾಲಿಗರ ತಂತಿ ಎಳೆಯುವ ಅಚ್ಚಿನಲ್ಲಿ ಎಳೆಯಬಹುದು, ಆದರೆ ಮೊದಲೇ ಗಟ್ಟಿಯಾದ ತಂತಿಯನ್ನು ಕಾಯಿಸಿ ಮೆತ್ತಗೆ ಮಾಡಿ, ಕಿಟ್ಟ ತೆಗೆದು, ಮತ್ತೆ ಎಳೆದು... 0.8ರ ಸುರುಳಿ ಸಿಗುವ ಊರಿನಲ್ಲಿ ಆ ಪಾಡು ಯಾಕೆ?

ತಗಡಿನ ಪಟ್ಟಿ, ಮಡಿಸಿದ ಅಂಚು

304 ಸ್ಟೀಲ್ ಕೆಲಸದ ನಡುವೆ ತಂತಿ ಮುಗಿದರೆ ಅದೇ ತಗಡಿನಿಂದ 1ರಿಂದ 1.5 ಮಿ.ಮೀ ಅಗಲದ ಪಟ್ಟಿ ಕತ್ತರಿಸಿ ಹಾಕಬಹುದು. 0.9ರ ತಗಡಿನ ಒಂದು ಮಿ.ಮೀ ಅಗಲದ ಪಟ್ಟಿ ಸುಮಾರು 1.1 ಮಿ.ಮೀ ರಾಡಿಗೆ ಸಮ. ಕತ್ತರಿಯ ಬಾಯಿಂದ ಅದು ಸುರುಳಿಯಾಗಿ ಬರುತ್ತದೆ, ಇಕ್ಕಳದಲ್ಲಿ ಹಿಡಿದು ಜಗ್ಗಿದರೆ ಸರಿ. 308ಎಲ್‌ನಷ್ಟು ಬಿರುಕು ತಡೆಯುವ ಗುಣ ಅದಕ್ಕಿಲ್ಲ, ಸಿಂಕು-ಡಬ್ಬದಂಥ ಕೆಲಸಕ್ಕೆ ನಡೆಯುತ್ತದೆ.

ಸಾದಾ ಕಬ್ಬಿಣದ ಸಿಆರ್‌ಸಿ ತಗಡಿನ ಪಟ್ಟಿಗೆ ಈ ಮಾತು ಅನ್ವಯಿಸದು. ಇಆರ್70ಎಸ್-6 ತಂತಿಯಲ್ಲಿ 0.8ರಿಂದ 1.15 ಶೇಕಡಾ ಸಿಲಿಕಾನ್, 1.4ರಿಂದ 1.85 ಶೇಕಡಾ ಮ್ಯಾಂಗನೀಸ್ ಹಾಕಿರುವುದು ಹೊಂಡದಲ್ಲಿರುವ ಆಮ್ಲಜನಕವನ್ನು ಹಿಡಿದು ಗಾಜಿನಂಥ ಕಿಟ್ಟವಾಗಿ ಮೇಲೆ ತರಲೆಂದೇ. ತಗಡಿನಲ್ಲಿ ಅಷ್ಟಿಲ್ಲ. ಅದನ್ನೇ ಕರಗಿಸಿದರೆ ಹೊಂಡ ಕುದಿದು ಸೂಜಿಮೊನೆಯ ತೂತುಗಳು ಉಳಿಯುತ್ತವೆ. ಅಲ್ಯೂಮಿನಿಯಂ 6061ರಂಥ ತಗಡಿನ ಪಟ್ಟಿಯಂತೂ ಬೇಡ. ಬೆಸುಗೆ ತಣಿಯುವಾಗಲೇ ನಡುವೆ ಸೀಳುತ್ತದೆ.

ಹೊಸದಾಗಿ ಡಬ್ಬ, ಟ್ರೇ ಕಟ್ಟುವವರಿಗೆ ಇನ್ನೂ ಸುಲಭದ ಉಪಾಯ ಇದೆ. ಎರಡೂ ತಗಡಿನ ಅಂಚನ್ನು 1 ಅಥವಾ 1.5 ಮಿ.ಮೀ ಮೇಲಕ್ಕೆ ಮಡಿಸಿ, ಬೆನ್ನಿಗೆ ಬೆನ್ನು ಕೂಡಿಸಿ, ಆ ಏಣನ್ನೇ ಟಾರ್ಚಿನಲ್ಲಿ ಕರಗಿಸುತ್ತ ಹೋಗುವುದು. ಫಿಲ್ಲರ್ ಅಲ್ಲೇ ಇದೆ, ಕೈಯಲ್ಲಿ ರಾಡ್ ಬೇಕಿಲ್ಲ. ಸ್ಟೀಲಿನಲ್ಲಿ ಹೊರಮೂಲೆಯ ಜೋಡಣೆಗಳನ್ನೂ ಹೀಗೆ ರಾಡಿಲ್ಲದೆ ಮುಗಿಸಬಹುದು, ಅಂಚುಗಳು ಕೂದಲೆಳೆ ಸಂದಿಲ್ಲದೆ ಕೂಡಿದ್ದರೆ.

ಜಿಂಕ್ ಲೇಪದ ತಗಡಿಗೆ ಸಿಲಿಕಾನ್ ಬ್ರಾಂಜ್ ತಂತಿ ಒಳ್ಳೆಯದು. ಅದು ಸುಮಾರು 1000 ಡಿಗ್ರಿಯಲ್ಲಿ ಕರಗುತ್ತದೆ, ಕಬ್ಬಿಣಕ್ಕೆ 1500 ಬೇಕು. ತಗಡನ್ನು ಕರಗಿಸದೆ ಅಂಟಿಸುವ ಕೆಲಸವಾದ್ದರಿಂದ ತೂತಿನ ಮಾತೇ ಕಡಿಮೆ. ಸೈಲೆನ್ಸರ್‌ನಂಥ ಕಾಯುವ ಜಾಗಕ್ಕೆ, ಭಾರ ಹೊರುವ ಜಾಗಕ್ಕೆ ಬಳಸಬೇಡಿ. ಲೇಪವನ್ನು ಎರಡೂ ಕಡೆ ಒಂದು ಇಂಚು ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೂತು ಮಾಡಿ. ಜಿಂಕ್ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಬರುವುದುಂಟು.

ಮನೆಯಲ್ಲಿ ಬಿದ್ದಿರುವ ತಂತಿಗಳ ಬಗ್ಗೆ ಎರಡು ಮಾತು. ಜಿಐ ತಂತಿಯಲ್ಲಿ ಜಿಂಕ್, ಕಪ್ಪು ಕಟ್ಟುತಂತಿಯಲ್ಲಿ ಮೈತುಂಬ ಕಿಟ್ಟ, ಬಟ್ಟೆ ಹ್ಯಾಂಗರಿನಲ್ಲಿ ಬಣ್ಣ. ಬೈಕಿನ ಕ್ಲಚ್ ಕೇಬಲ್ಲಿನ ಎಳೆ ನೋಡಲು ಹೇಳಿಮಾಡಿಸಿದಂತಿದೆ, ಆದರೆ ಅದು ಹೆಚ್ಚು ಇಂಗಾಲದ ಗಟ್ಟಿ ಉಕ್ಕು. ಬೆಸುಗೆ ಗಾಜಿನಂತೆ ಪೆಡಸಾಗಿ ಸುತ್ತಿಗೆಯ ಒಂದೇಟಿಗೆ ಬಿರಿಯುತ್ತದೆ.

ತೆಳು ತಂತಿಯ ಕೈಚಳಕ

ದಪ್ಪ ರಾಡಿಗೆ ಒಗ್ಗಿದ ಕೈಗೆ ಮೊದಲ ದಿನ ಕಷ್ಟವೇ. ಹಿಡಿತದಿಂದ ತುದಿಯವರೆಗೆ 150 ಮಿ.ಮೀಗಿಂತ ಹೆಚ್ಚು ಬಿಡಬೇಡಿ. ದಪ್ಪ ಗವಸಿನಲ್ಲಿ ಈ ತಂತಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಎಡಗೈಗೆ ತೆಳು ಚರ್ಮದ ಗವಸು ಬೇಕು. ಹಿಂದಿನ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿಡಿ: ಕಣ್ಣಿಗೆ ಚುಚ್ಚುವ ಅಪಾಯ ತಪ್ಪುತ್ತದೆ, ಬಿಸಿ ತುದಿ ಯಾವುದು ಎಂಬ ಗೊಂದಲವೂ ಇರುವುದಿಲ್ಲ.

ಆ 20 ಗೇಜಿನ ಬಾಗಿಲ ತೇಪೆಗೆ ಮೆಷಿನ್ ಹೀಗಿಟ್ಟುಕೊಳ್ಳಿ. ಡಿಸಿ, ಟಾರ್ಚ್ ಮೈನಸ್‌ಗೆ. ಕಬ್ಬಿಣಕ್ಕೆ ಒಂದು ಮಿ.ಮೀ ದಪ್ಪಕ್ಕೆ 40 ಆಂಪ್ ಎಂಬ ಲೆಕ್ಕದಲ್ಲಿ 35 ಆಂಪ್, ಅಲ್ಲಿಂದ ಅಗತ್ಯ ನೋಡಿ ಇಳಿಸಿ. ಸ್ಟೀಲಾದರೆ 30ರ ಆಸುಪಾಸು ಸಾಕು. 1.0 ಅಥವಾ 1.6ರ ಟಂಗ್‌ಸ್ಟನ್ನನ್ನು ಸೂಜಿಯಂತೆ, ಉದ್ದುದ್ದಕ್ಕೆ ಮಸೆದಿರಬೇಕು. ಮೊಂಡು ತುದಿಯಲ್ಲಿ ಇಷ್ಟು ಕಡಿಮೆ ಆಂಪಿನ ಆರ್ಕ್ ಅಲೆದಾಡುತ್ತದೆ. 5 ಅಥವಾ 6 ನಂಬರಿನ ಕಪ್ (ಟಾರ್ಚಿನ ಗ್ಯಾಸ್ ಮೂತಿ), ಆರ್ಗಾನ್ ನಿಮಿಷಕ್ಕೆ 6ರಿಂದ 8 ಲೀಟರ್. ತಗಡಿನ ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿಸಿ. ಗುಜರಿಯಲ್ಲಿ ಸಿಗುವ ಹಳೇ ಬಸ್‌ಬಾರ್ ತುಂಡು ಇದಕ್ಕೆ ಬಹಳ ಚೆನ್ನ: ಶಾಖ ಎಳೆದುಕೊಳ್ಳುತ್ತದೆ, ಕರಗಿದ ಕಬ್ಬಿಣ ಅದಕ್ಕೆ ಅಂಟುವುದಿಲ್ಲ. 20-25 ಮಿ.ಮೀಗೆ ಒಂದರಂತೆ ಟ್ಯಾಕ್ (ಚುಕ್ಕಿಯಷ್ಟು ಬೆಸುಗೆ) ಹಾಕಿ, ಆಮೇಲೆ ಒಂದೊಂದು ಇಂಚು, ಜಾಗ ಬದಲಿಸುತ್ತ. ಒಂದೇ ಓಟದಲ್ಲಿ ಎಳೆದರೆ ಬಾಗಿಲು ಹಪ್ಪಳದಂತೆ ಉಬ್ಬುತ್ತದೆ.

ತಂತಿಯನ್ನು ತಗಡಿಗೆ 15 ಡಿಗ್ರಿಯಷ್ಟು ತಗ್ಗಿಸಿ ಹಿಡಿಯಿರಿ. ತುದಿ ಆರ್ಕಿನ ಕೆಳಗಲ್ಲ, ಹೊಂಡದ ಮುಂದಿನ ಅಂಚಿಗೆ ತಾಗಬೇಕು. ಅದ್ದಿ ತೆಗೆಯುವಾಗ ಗ್ಯಾಸಿನ ಮರೆಯಿಂದ ಆಚೆ ತರಬೇಡಿ, ಕೆಂಪಗಿರುವ ತೆಳು ತುದಿ ಗಾಳಿಗೆ ಬಂದರೆ ಥಟ್ಟನೆ ಕಪ್ಪಾಗಿ ಮುಂದಿನ ಅದ್ದಿಗೆ ಆ ಕಿಟ್ಟವೇ ಒಳಗೆ ಹೋಗುತ್ತದೆ. ಇದಕ್ಕಿಂತ ಸುಲಭದ ರೀತಿ ಎಂದರೆ ತಂತಿಯನ್ನು ಸಂದಿನ ಮೇಲೆ ಮಲಗಿಸಿ ಅದರ ಮೇಲೇ ಟಾರ್ಚ್ ನಡೆಸುವುದು. 0.8 ಇಷ್ಟು ಬೇಗ ಕರಗುವುದರಿಂದ ತೆಳು ತಗಡಿನಲ್ಲಿ ಇದು ಚೆನ್ನಾಗಿ ಕೂಡುತ್ತದೆ, ಅದ್ದುವ ಲಯ ತಪ್ಪುವ ಪ್ರಶ್ನೆಯೇ ಇಲ್ಲ. ಹೊಂಡ ಎರಡೂ ಅಂಚನ್ನು ಹಿಡಿದಿದೆಯೇ ಎಂದು ಮಾತ್ರ ಕಣ್ಣಿಟ್ಟಿರಿ.

ತಂತಿಯ ತುದಿ ಹೊಂಡ ಮುಟ್ಟುವ ಮುಂಚೆಯೇ ಮಣಿಯಾಗಿ ಉಂಡೆಗಟ್ಟಿದರೆ ಆರ್ಕ್ ಉದ್ದವಾಗಿದೆ ಅಥವಾ ತಂತಿಯನ್ನು ಎತ್ತರಕ್ಕೆ ಹಿಡಿದಿದ್ದೀರಿ. ಟಂಗ್‌ಸ್ಟನ್ನನ್ನು ತಗಡಿಗೆ ಒಂದು-ಒಂದೂವರೆ ಮಿ.ಮೀ ಹತ್ತಿರ ತನ್ನಿ, ತಂತಿಯನ್ನು ತಗ್ಗಿಸಿ. ತಂತಿ ಅಂಟಿಕೊಂಡರೆ ಜಗ್ಗಬೇಡಿ, ಅಂಟಿದ ಜಾಗಕ್ಕೆ ಆರ್ಕ್ ತೋರಿಸಿದರೆ ತಾನೇ ಬಿಡುತ್ತದೆ. ಅಂಚಿನುದ್ದಕ್ಕೂ ತೋಡು ಬಿದ್ದಂತೆ ಕಂಡರೆ ತಂತಿ ಸಾಲುತ್ತಿಲ್ಲ: ಇನ್ನಷ್ಟು ಬೇಗ ತಳ್ಳಿ, ಇಲ್ಲವೇ ಹುರಿಗೆ ಬದಲಾಯಿಸಿ. ಸಂದು ತಗಡಿನ ಅರ್ಧ ದಪ್ಪಕ್ಕಿಂತ ಹೆಚ್ಚಿದ್ದರೆ ಯಾವ ತಂತಿಯೂ ಕಾಪಾಡದು, ತೇಪೆಯನ್ನೇ ಹೊಸದಾಗಿ ಕತ್ತರಿಸುವುದು ಲೇಸು. ಸ್ಟೀಲಿನ ಹಿಂಬದಿ ಕಪ್ಪು ಹರಳುಗಟ್ಟಿ ಒರಟಾದರೆ ಅದು ತಂತಿಯ ತಪ್ಪಲ್ಲ, ಹಿಂದಿನಿಂದಲೂ ಆರ್ಗಾನ್ ಕೊಡಬೇಕಿತ್ತು.

ಅಲ್ಯೂಮಿನಿಯಂನಲ್ಲಿ ಮೇಲಿನ ಲೆಕ್ಕ ತಲೆಕೆಳಗು. 0.8ರ 4043 ಎಂಬ ಅಲ್ಯೂಮಿನಿಯಂ ತಂತಿ ಹೊಂಡ ಸೇರುವ ಮೊದಲೇ ಕರಗಿ ಹಿಂದಕ್ಕೆ ಓಡುತ್ತದೆ. ಒಂದು ಮಿ.ಮೀ ತಗಡಿಗೂ 1.2 ಹಿತ, 1.6 ಕೂಡ ನಡೆಯುತ್ತದೆ. ಇನ್ನೊಂದು ಅಲ್ಯೂಮಿನಿಯಂ ತಂತಿ 5356 ಸ್ವಲ್ಪ ಬಿರುಸು, ತಳ್ಳಲು ಅನುಕೂಲ. ಇವೆರಡನ್ನೂ ನೆಟ್ಟಗೆ ಮಾಡಲು ಡ್ರಿಲ್ ಬೇಕಿಲ್ಲ, ವೈಸಿಗೆ ಕಟ್ಟಿ ಕೈಯಲ್ಲಿ ಜಗ್ಗಿದರೆ ಸಾಕು. ಕತ್ತರಿಸಿಟ್ಟ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಗುರುತು ಹಾಕದೆ ಇಟ್ಟರೆ ಮುಗಿಯಿತು.

ಗುರುತಿಗೆಂದು ಹಿಂದಿನ ಕೊಕ್ಕೆಗೆ ಬಣ್ಣ ಮುಟ್ಟಿಸಿ: ಕಬ್ಬಿಣಕ್ಕೆ ಕೆಂಪು, 308ಎಲ್‌ಗೆ ನೀಲಿ, 309ಎಲ್‌ಗೆ ಹಸಿರು, ನಿಮಗೆ ತೋಚಿದ್ದು. ಕತ್ತರಿಸಿದ ತುಂಡುಗಳಿಗೆ ವೈರಿಂಗಿನ 20 ಮಿ.ಮೀ ಪಿವಿಸಿ ಪೈಪನ್ನು 60 ಸೆಂ.ಮೀಗೆ ಕೊಯ್ದು, ಎರಡೂ ಕಡೆ ಮುಚ್ಚಳ ಹಾಕಿ, ಹೊರಗೆ ಮಾರ್ಕರಿನಲ್ಲಿ ಬರೆದಿಡಿ. ಸುರುಳಿ ಉಳಿದರೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಬಯಲಿಗೆ ಬಿಟ್ಟ ಸುರುಳಿಯ ಮೇಲೆ ತಾಮ್ರದ ಲೇಪದ ನಡುವಿನಿಂದಲೇ ಕಂದು ಚುಕ್ಕೆ ಏಳುತ್ತವೆ. ಅಂಥ ತಂತಿಯನ್ನು ಎಮರಿ ಹಚ್ಚಿ ಉಳಿಸಿಕೊಳ್ಳಲು ಹೋಗಬೇಡಿ. ಮೇಲಿನ ಒಂದೆರಡು ಪದರ ಬಿಚ್ಚಿ ಎಸೆದರೆ ಒಳಗಿನದು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.